ಬಳೆಗಾರ ಗುಂಡಿನ ಮೇಲೆ ನಿಂತು

‘ಕೈಗೆ ಬಳೆ ತೊಟ್ಟುಕೊಂಡು ಮನೇಲಿ ಕೂತ್ಕೋ ಹೋಗು’ ಎಂಬ ಬೈಗುಳ ಕೇಳಿಸಿಕೊಳ್ಳದೆ ಬೆಳೆದ ಗಂಡಸು ನಮ್ಮ ಸೀಮೆಯಲ್ಲಿ ಇರಲಾರ. ನಮ್ಮ ಮನೆಯ ದಖನಿಯಲ್ಲೂ ಅದೇ ಬೈಗುಳವಿದೆ. ಚಿಕ್ಕವರಿದ್ದಾಗ ಶಾಲೆಯ ಮೈದಾನದಲ್ಲಿ ಓಟದಲ್ಲಿ ಹಿಂದೆ ಬಿದ್ದರೆ ಉರ್ದು ಮೇಷ್ಟ್ರೂ ಹಾಗೆ ಬೈಯುತ್ತಿದ್ದರು, ಕನ್ನಡ ಮೇಷ್ಟ್ರೂ ಹಾಗೇ ಬೈಯುತ್ತಿದ್ದರು. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಹೆಣ್ಣಿನ ಕೈಯ ವಿಷಯ ಬಂದಾಗ ಮಾತ್ರ ಎರಡೂ ಒಂದೇ ದಿಕ್ಕಿಗೆ ಓಡುತ್ತಿದ್ದವು.

ಈ ಮಾತು ನೆನಪಾದದ್ದು ಮೊಳಕಾಲ್ಮೂರು ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ರಾವಣನೊಡನೆ ಒಬ್ಬಂಟಿಯಾಗಿ ಕಾದಾಡಿ ರೆಕ್ಕೆ ಕಡಿಸಿಕೊಂಡ ಜಟಾಯು ಬಿದ್ದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಅದೇ ಬೆಟ್ಟದಲ್ಲಿ ಅಶೋಕನ ಶಾಸನವೊಂದಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದ ಮೂರು ಕಡೆ ಇರುವ ಈ ಬರಹಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಜಟಿಂಗ ರಾಮೇಶ್ವರದ ಬಂಡೆಗೆ ಜನ ಇಟ್ಟಿರುವ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೆ ಅಂಗಡಿ ಹರಡುತ್ತಿದ್ದರಂತೆ. ಚಕ್ರವರ್ತಿಯ ಅಕ್ಷರಗಳ ಮೇಲೆ ಬಳೆಯ ಮಲಾರ ಇಳಿಸಿ, ಹೆಂಗಸರ ಕೈಹಿಡಿದು ಬಳೆ ಏರಿಸುತ್ತಾ ಅವರಿಗೆ ಗೊತ್ತಿಲ್ಲದಂತೆ ಆ ಅಕ್ಷರಗಳನ್ನು ಸವೆಸಿದರು. ಬ್ರಹ್ಮಗಿರಿಯ ಪಾಠ ಚೆನ್ನಾಗಿ ಉಳಿದಿರುವುದರಿಂದ ಇಲ್ಲಿ ಸವೆದದ್ದು ಏನೆಂದು ಓದುವವರಿಗೆ ತಿಳಿಯುತ್ತದೆ. ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗವನ್ನೇ ಪಡೆಯಬಹುದು, ಆದ್ದರಿಂದ ಸಣ್ಣವರೂ ದೊಡ್ಡವರೂ ಶ್ರಮಪಡಲಿ ಎಂಬುದು ಅದರ ತಾತ್ಪರ್ಯ.

ಆ ದಿನ ನಮ್ಮ ಜೊತೆ ಮೆಟ್ಟಿಲು ಹತ್ತಿದವಳು ನಮ್ಮ ಅಕ್ಕನ ಮಗಳು. ಚಳ್ಳಕೆರೆ ಕಡೆಯವಳು, ಒಂಬತ್ತನೇ ತರಗತಿ. ನಾವು ಏದುಸಿರು ಬಿಡುತ್ತಾ ಮೂರು ಕಡೆ ಕೂತೆವು, ಅವಳು ಒಮ್ಮೆಯೂ ಕೂರಲಿಲ್ಲ. ಬಂಡೆಯ ಹತ್ತಿರ ನಿಂತು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ನಿಖತ್ ಜರೀನ್, ಇಸ್ತಾಂಬುಲ್, 2022. ‘ಮಾಮು, ನಾನು ಇದನ್ನ ಕಲೀಬೇಕು. ಅಬ್ಬಾಗೆ ನೀವು ಹೇಳಿ.’

ನಾವು ಹೇಳಿದೆವು. ಆ ರಾತ್ರಿ ಭಾವನ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು ಕೂತಿದ್ದರು. ಮೊದಲ ಪ್ರಶ್ನೆ ನಾವು ಎಣಿಸಿದ್ದೇ ಆಗಿತ್ತು. ‘ಇಸ್ಕೂ ಕೋನ್ ಕರ್ಲೇತೆ?’ ಮೂಗು ಮುರಿದ ಹುಡುಗಿಯನ್ನು ಮದುವೆಯಾಗುವವರಾರು ಎಂದು. ಎರಡನೆಯದು ಚಡ್ಡಿಯ ಪ್ರಶ್ನೆ. ಮೂರನೆಯದನ್ನು ಎತ್ತಿದವರು ಸ್ವಲ್ಪ ಓದಿಕೊಂಡವರು. ಮುಖಕ್ಕೆ ಹೊಡೆಯಬಾರದೆಂದು ಹದೀಸಿನಲ್ಲಿದೆ, ಹೀಗಿರುವಾಗ ಈ ಆಟವೇ ಸಲ್ಲದು ಎಂದರು. ನಾವು ಒಂದೆರಡು ಮಾತಾಡಿ, ಊಟಕ್ಕೆ ಕರೆ ಬಂದಿತೆಂದು ಎದ್ದುಬಿಟ್ಟೆವು. ಅಂದು ಆಡದೆ ನುಂಗಿಕೊಂಡ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಬರೆಯುವವರಿಗೆ ಈ ಸೌಲಭ್ಯವೊಂದಿದೆ. ಪಡಸಾಲೆಯಲ್ಲಿ ಹೇಡಿಯಾದವನು ಕಾಗದದ ಮೇಲೆ ಪೈಲ್ವಾನನಾಗಬಹುದು.

ಮೂರನೆಯ ಆಕ್ಷೇಪಣೆಯಿಂದಲೇ ಶುರು ಮಾಡೋಣ, ಅದೊಂದೇ ಗಂಭೀರವಾದದ್ದು. ಮುಖಕ್ಕೆ ಹೊಡೆಯಬಾರದೆಂಬ ಮಾತು ಹದೀಸಿನಲ್ಲಿ ಇರುವುದು ನಿಜ. ಆದರೆ ಆ ಮಾತು ಹೆಣ್ಣಿಗೆ ಮಾತ್ರ ಹೇಳಿದ್ದೆಂದು ಯಾವ ಆಲಿಮನೂ ಹೇಳಲಾರ. ಹಾಗಿದ್ದರೆ ನಮ್ಮ ತಾರುಣ್ಯದಲ್ಲಿ ಸಾಬರ ಹೋಟೆಲು, ಸೈಕಲ್ ಶಾಪುಗಳ ಗೋಡೆಯ ಮೇಲೆ ಮಹಮದ್ ಅಲಿಯ ಚಿತ್ರ ಇದ್ದದ್ದು ಹೇಗೆ? 1964ರಲ್ಲಿ ಲಿಸ್ಟನ್‌ನನ್ನು ಕೆಡವಿ ತಾನು ಮುಸ್ಲಿಮನೆಂದು ಸಾರಿದಾಗ, 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರುವುದಿಲ್ಲವೆಂದು ಪದವಿಯನ್ನೇ ಕಳೆದುಕೊಂಡಾಗ, ಇಡೀ ಸಮುದಾಯ ಅವನನ್ನು ‘ನಮ್ಮವನು’ ಎಂದು ಎದೆಗೊತ್ತಿಕೊಂಡಿತು. ಅವನು ಹೊಡೆದದ್ದೆಲ್ಲ ಮುಖಕ್ಕೇ. ಆಗ ಯಾರಿಗೂ ಆ ಹದೀಸು ನೆನಪಾಗಲಿಲ್ಲ. ಅವನ ಮಗಳು ಲೈಲಾ ಅಲಿ 1999ರಲ್ಲಿ ರಿಂಗಿಗಿಳಿದು 24 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತಳಾದಳು. ಅವಳ ಚಿತ್ರವನ್ನು ನಾವು ಯಾವ ಸೈಕಲ್ ಶಾಪಿನಲ್ಲೂ ಕಂಡಿಲ್ಲ. ಬಾಕ್ಸಿಂಗ್ ಎಂಬ ಆಟವೇ ಬೇಡ, ಅದು ಮಿದುಳಿಗೆ ಕೇಡು ಎಂದು ಯಾರಾದರೂ ವಾದಿಸಿದರೆ ಗೌರವದಿಂದ ಕೇಳುತ್ತೇವೆ. ಅಲಿಯ ಕಡೆಯ ದಿನಗಳನ್ನು ನೋಡಿದವರು ಆ ಮಾತನ್ನು ತಳ್ಳಿಹಾಕಲಾರರು. ಗಂಡುಮಗನಿಗೆ ಗ್ಲೌಸ್ ಕೊಡಿಸಿ, ಹೆಣ್ಣುಮಗಳಿಗೆ ಹದೀಸು ತೋರಿಸುವ ಭಕ್ತಿಯನ್ನು ಮಾತ್ರ ನಾವು ಒಪ್ಪಲಾರೆವು.

ಹದೀಸನ್ನೇ ತೆಗೆಯುವುದಾದರೆ ಪೂರ್ತಿ ತೆಗೆಯಿರಿ. ಪ್ರವಾದಿಯವರು ಬೀಬಿ ಆಯಿಷಾರೊಡನೆ ಓಟದ ಪಂದ್ಯ ಹೂಡಿದ್ದು, ಮೊದಲ ಸಲ ಆಯಿಷಾ ಗೆದ್ದದ್ದು, ಮುಂದೊಮ್ಮೆ ಪ್ರವಾದಿಯವರು ಗೆದ್ದು ನಕ್ಕದ್ದು ಅಲ್ಲೇ ಇದೆ. ಉಹುದ್ ಯುದ್ಧದಲ್ಲಿ ಪ್ರವಾದಿಯವರನ್ನು ಕಾಯುತ್ತಾ ಮೈತುಂಬ ಗಾಯ ಮಾಡಿಕೊಂಡ ನುಸೈಬಾ ಬಿಂತ್ ಕಅಬ್ ಎಂಬಾಕೆಯ ಕತೆ ಮದರಸಾದ ಹುಡುಗರಿಗೂ ಗೊತ್ತು. ಮದುವೆಯ ಮಾತಿಗೆ ಬಂದಾಗ ಮಾತ್ರ ನುಸೈಬಾ ನಮಗೆ ಮರೆತುಹೋಗುತ್ತಾಳೆ.

ನಿಖತ್ ಹುಟ್ಟಿದ್ದು 1996ರ ಜೂನ್ 14ರಂದು, ತೆಲಂಗಾಣದ ನಿಜಾಮಾಬಾದಿನಲ್ಲಿ. ನಿಜಾಮರ ಕಾಲದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೊಂದಿಗೆ ಒಂದೇ ಸಂಸ್ಥಾನದಲ್ಲಿದ್ದ ಊರು ಅದು. ಅವಳ ಮನೆಮಾತು ನಮ್ಮ ಮನೆಮಾತೇ. ನಾಲ್ವರು ಹೆಣ್ಣುಮಕ್ಕಳಲ್ಲಿ ಮೂರನೆಯವಳು. ತಂದೆ ಜಮೀಲ್ ಅಹಮದ್ ತಾವೂ ಆಟಗಾರರು. ಮಗಳನ್ನು ಮೊದಲು ಓಟಕ್ಕೆ ಹಾಕಿದರು. ಮೈದಾನದಲ್ಲಿ ಎಲ್ಲ ಆಟಕ್ಕೂ ಹುಡುಗಿಯರಿದ್ದಾರೆ, ಬಾಕ್ಸಿಂಗಿಗೆ ಮಾತ್ರ ಒಬ್ಬಳೂ ಇಲ್ಲವಲ್ಲ ಯಾಕೆ ಎಂದು ಹುಡುಗಿ ಕೇಳಿದಳು. ಹೆಣ್ಣುಮಕ್ಕಳಿಗೆ ಅಷ್ಟು ಶಕ್ತಿಯಿಲ್ಲ ಎಂದು ಜನ ತಿಳಿದಿದ್ದಾರೆ ಎಂದರು ತಂದೆ. ‘ಜನ ತಿಳಿದಿದ್ದಾರೆ’ ಎಂದರೇ ಹೊರತು ‘ಶಕ್ತಿಯಿಲ್ಲ’ ಎನ್ನಲಿಲ್ಲ. ಈ ಸಣ್ಣ ವ್ಯತ್ಯಾಸದಲ್ಲಿ ಒಬ್ಬ ವಿಶ್ವಚಾಂಪಿಯನ್ ಹುಟ್ಟಿದಳು. ಅಭ್ಯಾಸಕ್ಕೆ ಹುಡುಗಿಯರೇ ಇರಲಿಲ್ಲವಾಗಿ ಹುಡುಗರೊಡನೆ ಕಾದಾಡಿ, ಮೂಗಿನಲ್ಲಿ ರಕ್ತ, ಕಣ್ಣ ಸುತ್ತ ಕಪ್ಪು ಕಟ್ಟಿಸಿಕೊಂಡು ಮನೆಗೆ ಬಂದಾಗ ತಾಯಿ ಅತ್ತರು. ನಮ್ಮ ಪಡಸಾಲೆಯ ಅದೇ ಪ್ರಶ್ನೆ, ಯಾರು ಮದುವೆಯಾಗುತ್ತಾರೆ ಎಂದು. ಹೆಸರು ಬಂದರೆ ವರರು ಸಾಲುಗಟ್ಟಿ ನಿಲ್ಲುತ್ತಾರೆ ಅಮ್ಮಿ ಎಂದಳಂತೆ ಹುಡುಗಿ. ನೆಂಟರು ಚಡ್ಡಿಯ ಮಾತೆತ್ತಿದರು. ತಂದೆ ಕಿವಿಗೆ ಹಾಕಿಕೊಳ್ಳಲಿಲ್ಲ.

2011ರಲ್ಲಿ ಟರ್ಕಿಯ ಅಂತಾಲ್ಯದಲ್ಲಿ ಕಿರಿಯರ ವಿಶ್ವಪದವಿ. 2017ರಲ್ಲಿ ಭುಜದ ಕೀಲು ತಪ್ಪಿ ಶಸ್ತ್ರಚಿಕಿತ್ಸೆ, ಒಂದು ವರ್ಷ ಮನೆ. ಮುಂದೆ 2019. ಆ ವರ್ಷದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಪಂದ್ಯಕ್ಕೆ 51 ಕಿಲೊ ವಿಭಾಗದಲ್ಲಿ ಆಯ್ಕೆ ಪಂದ್ಯವನ್ನೇ ನಡೆಸದೆ ಮೇರಿ ಕೋಮ್ ಅವರನ್ನು ಕಳಿಸುವ ಮಾತು ಬಾಕ್ಸಿಂಗ್ ಫೆಡರೇಶನ್ನಿನ ಕಡೆಯಿಂದ ಬಂತು. ಇಪ್ಪತ್ತಮೂರರ ಹುಡುಗಿ ಕ್ರೀಡಾ ಸಚಿವರಿಗೆ ಪತ್ರ ಬರೆದಳು. ಕೇಳಿದ್ದು ಕರುಣೆಯಲ್ಲ, ಮೀಸಲಾತಿಯಲ್ಲ. ನಿಯಮದಂತೆ ಟ್ರಯಲ್ ನಡೆಸಿ, ಮೈಕೆಲ್ ಫೆಲ್ಪ್ಸ್‌ನಂಥವನೂ ಪ್ರತಿ ಸಲ ಅರ್ಹತೆ ಗಳಿಸಿಯೇ ಹೋಗುತ್ತಿದ್ದ ಎಂದಷ್ಟೇ. ಅದಕ್ಕೆ ಬಂದ ಉತ್ತರ, ಯಾರು ಈ ನಿಖತ್ ಜರೀನ್ ಎಂಬ ಪ್ರಶ್ನೆ. ಕೇಳಿದವರು ಮೇರಿ ಕೋಮ್.

ಮೇರಿ ಕೋಮ್ ಎಂದರೆ ನಮಗೆ ಇಂದಿಗೂ ತಲೆಬಾಗುವ ಹೆಸರು. ಮಣಿಪುರದ ಸಣ್ಣ ಬುಡಕಟ್ಟೊಂದರ ಬಡ ಮನೆಯಿಂದ ಬಂದು ಆರು ಸಲ ವಿಶ್ವಪದವಿ ಗೆದ್ದವರು. 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತು 2008ರಲ್ಲಿ ಮತ್ತೆ ಗೆದ್ದವರು. ಅಂಥವರೂ ಶಿಖರ ತಲುಪಿದ ಮೇಲೆ ಕೆಳಗಿನವಳಿಗೆ ಏಣಿ ಕೊಡಲು ಅನುಮಾನಿಸಿದರಲ್ಲ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಹೆಂಗಸರ ಮೇಲೆ ಕಟ್ಟಿದವರು ಗಂಡಸರೇ ಇರಬಹುದು. ಹಾಗೆಂದು ಅದು ಪೂರ್ತಿ ಸುಳ್ಳಲ್ಲ. ಕಡೆಗೆ 2019ರ ಡಿಸೆಂಬರ್ 28ರಂದು ದೆಹಲಿಯಲ್ಲಿ ಟ್ರಯಲ್ ನಡೆಯಿತು. ನಿಖತ್ 9-1ರಲ್ಲಿ ಸೋತಳು. ಸೋತವಳ ಕೈ ಕುಲುಕುವ ಮರ್ಯಾದೆಯೂ ಆ ದಿನ ನಡೆಯಲಿಲ್ಲ. ಆದರೆ ಟ್ರಯಲ್ ನಡೆಯಿತು, ಮುಖ್ಯವಾದದ್ದು ಅದೇ. ಸೋಲುವ ಹಕ್ಕನ್ನು ಆ ಹುಡುಗಿ ಪತ್ರ ಬರೆದು ಪಡೆದುಕೊಂಡಳು. ನಮ್ಮ ಹೆಣ್ಣುಮಕ್ಕಳಿಗೆ ಗೆಲ್ಲುವ ಅವಕಾಶ ಇಲ್ಲವೆಂದು ನಾವೆಲ್ಲ ಭಾಷಣ ಮಾಡುತ್ತೇವೆ. ಸೋಲುವ ಅವಕಾಶವೂ ಇಲ್ಲವೆಂಬುದನ್ನು ಯಾರೂ ಗಮನಿಸುವುದಿಲ್ಲ. ಪಂದ್ಯಕ್ಕೇ ಹೋಗದವಳು ಸೋಲುವುದಾದರೂ ಹೇಗೆ?

2022ರ ಮೇ 19ರಂದು ಇಸ್ತಾಂಬುಲಿನಲ್ಲಿ ಥಾಯ್ಲೆಂಡಿನ ಜುತಮಾಸ್ ಜಿತ್‌ಪಾಂಗ್ ಎದುರು 5-0ಯಿಂದ ಗೆದ್ದು ನಿಖತ್ ವಿಶ್ವಚಾಂಪಿಯನ್ ಆದಳು. ಆಗ ಅಭಿನಂದಿಸಿದವರಲ್ಲಿ ಮೇರಿ ಕೋಮ್ ಕೂಡ ಇದ್ದರು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಕಾಮನ್‌ವೆಲ್ತ್ ಚಿನ್ನ, 2023ರಲ್ಲಿ ದೆಹಲಿಯಲ್ಲಿ ಎರಡನೆಯ ವಿಶ್ವಪದವಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡನೆಯ ಸುತ್ತಿನಲ್ಲೇ ಚೀನಾದ ವು ಯು ಎದುರು ಸೋಲು.

ಈಗ ಕರ್ನಾಟಕಕ್ಕೆ ಬರೋಣ. 2022ರ ಫೆಬ್ರವರಿ 5ರಂದು ಸರಕಾರದ ಸಮವಸ್ತ್ರದ ಆದೇಶ. ಮಾರ್ಚ್ 15ರಂದು ಅದನ್ನು ಎತ್ತಿಹಿಡಿದ ಹೈಕೋರ್ಟಿನ ತೀರ್ಪು. ತಲೆಯ ಮೇಲಿನ ಬಟ್ಟೆಗಾಗಿ ಹುಡುಗಿಯರು ಗೇಟಿನ ಹೊರಗೆ ನಿಂತರು, ಕೆಲವರು ಪರೀಕ್ಷೆಯನ್ನೇ ಬಿಟ್ಟರು. ಇದಾಗಿ ಎರಡು ತಿಂಗಳಿಗೆ ನಿಖತ್ ಗೆದ್ದಳು. ತಗೊಳ್ಳಿ, ಎರಡೂ ಕಡೆಯವರು ಅವಳನ್ನು ಎಳೆದಾಡಲು ಶುರು ಮಾಡಿದರು. ನಮ್ಮ ಕೆಲವು ಪ್ರಗತಿಪರ ಗೆಳೆಯರು ‘ನೋಡಿ, ಹಿಜಾಬಿಲ್ಲದೆ ಗೆದ್ದಳು’ ಎಂದರು. ಹುಡುಗಿ ಹದಿಮೂರರಲ್ಲಿ ಚಡ್ಡಿ ತೊಟ್ಟಾಗ ಮೂಗು ಮುರಿದಂಥ ಜನವೇ ‘ಕೌಮ್ ಕೀ ಬೇಟಿ’ ಎಂದು ಫ್ಲೆಕ್ಸ್ ಹಾಕಿದರು. ಕರ್ನಾಟಕದ ಹಿಜಾಬಿನ ಬಗ್ಗೆ ಪತ್ರಕರ್ತರು ಅವಳನ್ನೇ ಕೇಳಿದಾಗ ಅದು ಅವರವರ ಆಯ್ಕೆ ಎಂದಳು. ಅಷ್ಟೇ. ಆ ಒಂದು ಸಾಲಿನ ಉತ್ತರ ಎರಡೂ ಕಡೆಯವರಿಗೆ ರುಚಿಸಲಿಲ್ಲ. ಇಬ್ಬರಿಗೂ ಬೇಕಾಗಿದ್ದುದು ಅವಳ ಗುದ್ದಲ್ಲ, ಅವಳ ಬಟ್ಟೆ. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. ಅಲ್ಲಿಗೆ ಆ ಹುಡುಗಿಯರ ಒಂದು ವರ್ಷ ಹೋಗಿಯೇ ಹೋಗಿತ್ತು. ತಮಾಷೆ ನೋಡಿ, ತಲೆಗವಸಿನ ಜೊತೆ ರಿಂಗಿಗಿಳಿಯಲು ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ 2019ರಲ್ಲೇ ಒಪ್ಪಿತ್ತು. ಮುಷ್ಟಿಯುದ್ಧಕ್ಕೆ ಅಡ್ಡಿಯಾಗದ ಬಟ್ಟೆ ಲೆಕ್ಕದ ಪರೀಕ್ಷೆಗೆ ಅಡ್ಡಿಯಾಯಿತು!

ಇದು ಮುಸ್ಲಿಮರ ರೋಗ ಮಾತ್ರ ಎಂದು ತಿಳಿದು ಒಳಗೊಳಗೇ ಖುಷಿಪಡುವವರಿಗೆ ಪೋಲೆಂಡಿನ ಕತೆ ಹೇಳಬೇಕು. ಕರೋಲಿನಾ ಮಿಹಾಲ್ಚುಕ್ ಎಂಬಾಕೆ ಆ ದೇಶದ ಲುಬ್ಲಿನ್ ನಗರದ ಬಾಕ್ಸರ್. 2008ರಲ್ಲಿ ಚೀನಾದ ನಿಂಗ್ಬೊದಲ್ಲಿ 54 ಕಿಲೊ ವಿಭಾಗದ ವಿಶ್ವಚಾಂಪಿಯನ್. ಅದೇ ಕೂಟದಲ್ಲಿ ಮೇರಿ ಕೋಮ್ 46 ಕಿಲೊದಲ್ಲಿ ಗೆದ್ದರು. ಆಗ ಇಬ್ಬರಿಗೂ ಒಲಿಂಪಿಕ್ಸಿನ ಬಾಗಿಲು ಮುಚ್ಚಿತ್ತು. ಹೆಂಗಸರ ಬಾಕ್ಸಿಂಗಿಗೆ ಆ ಬಾಗಿಲು ತೆರೆದದ್ದು 2012ರಲ್ಲಿ, ಅದೂ ಮೂರೇ ತೂಕಗಳಿಗೆ: 51, 60, 75. ಗಂಡಸರಿಗೆ ಹತ್ತು. ಹೀಗಾಗಿ ಒಬ್ಬರು ತೂಕ ಏರಿಸಿ, ಇನ್ನೊಬ್ಬರು ಇಳಿಸಿ, ಲಂಡನ್ನಿನಲ್ಲಿ 51 ಕಿಲೊದ ಮೊದಲ ಪಂದ್ಯದಲ್ಲೇ ಎದುರುಬದುರಾದರು. ಮೇರಿ 19-14ರಿಂದ ಗೆದ್ದು ಮುಂದೆ ಕಂಚು ತಂದರು. ಮಿಹಾಲ್ಚುಕ್ ಒಂದೇ ಪಂದ್ಯಕ್ಕೆ ಊರಿಗೆ ಹೋದಳು. ಇಬ್ಬರು ವಿಶ್ವಚಾಂಪಿಯನ್ನರನ್ನು ಒಂದೇ ಚೀಲಕ್ಕೆ ತುರುಕಿ ಹೊಡೆದಾಡಿ ಎಂದ ವ್ಯವಸ್ಥೆಯನ್ನು ಯಾರು ರೂಪಿಸಿದರು? ಯಾವ ಮೌಲ್ವಿಯೂ ಅಲ್ಲ.

ಲಂಡನ್ನಿಗೆ ಮುಂಚೆ ಇನ್ನೊಂದು ನಾಟಕ ನಡೆದಿತ್ತು. ಹೆಂಗಸರು ಹೆಂಗಸರಂತೆ ಕಾಣಲಿ, ಗುರುತು ಸಿಗುವಂತಾಗಲಿ ಎಂದು ಅಂತಾರಾಷ್ಟ್ರೀಯ ಸಂಸ್ಥೆ ರಿಂಗಿನಲ್ಲಿ ಸ್ಕರ್ಟ್ ತೊಡುವ ಮಾತೆತ್ತಿತು. ಪೋಲೆಂಡಿನ ಬಾಕ್ಸಿಂಗ್ ಸಂಸ್ಥೆ 2011ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಹುಡುಗಿಯರಿಗೆ ಸ್ಕರ್ಟನ್ನು ಕಡ್ಡಾಯವೇ ಮಾಡಿತು. ಐರ್ಲೆಂಡಿನ ಕೇಟೀ ಟೇಲರ್ ತೊಡುವುದಿಲ್ಲ ಎಂದಳು. ಜಗತ್ತಿನ ಹಲವು ಕಡೆಯಿಂದ ಛೀಮಾರಿ ಬಿದ್ದ ಮೇಲೆ 2012ರಲ್ಲಿ ಅದು ಐಚ್ಛಿಕವಾಯಿತು. ನಿಜಾಮಾಬಾದಿನ ನೆಂಟರಿಗೆ ಚಡ್ಡಿ ಗಿಡ್ಡವಾಯಿತು, ವಾರ್ಸಾದ ಅಧಿಕಾರಿಗಳಿಗೆ ಅದು ಹೆಣ್ಣಿಗೆ ಸಲ್ಲದ ಉಡುಪಾಯಿತು. ಒಬ್ಬರಿಗೆ ಹೆಣ್ಣು ಮುಚ್ಚಿಕೊಳ್ಳಬೇಕು, ಇನ್ನೊಬ್ಬರಿಗೆ ತೋರಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಜೇನ್ ಕೌಚ್ ಎಂಬಾಕೆಗೆ ಬಾಕ್ಸಿಂಗ್ ಮಂಡಳಿ ಲೈಸೆನ್ಸ್ ಕೊಡಲಿಲ್ಲ. ತಿಂಗಳ ಮುಟ್ಟಿಗೆ ಮುಂಚೆ ಹೆಂಗಸರ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ ಎಂಬುದು ಅದರ ವಾದಗಳಲ್ಲಿ ಒಂದು. 1998ರಲ್ಲಿ ನ್ಯಾಯಮಂಡಳಿಗೆ ಹೋಗಿ ಆಕೆ ಗೆದ್ದಳು. ಅಲ್ಲಿನ ಮೌಲ್ವಿಗಳು ಡಾಕ್ಟರರ ಕೋಟು ತೊಟ್ಟಿದ್ದರು, ಇಷ್ಟೇ ವ್ಯತ್ಯಾಸ.

ಅದೇ ಲುಬ್ಲಿನ್ನಿನಲ್ಲಿ ಪಳಗಿದ ಯೂಲಿಯಾ ಶೆರೆಮೆತಾ ಎಂಬ ಹುಡುಗಿ 2024ರ ಪ್ಯಾರಿಸಿನಲ್ಲಿ ಬೆಳ್ಳಿ ಗೆದ್ದಳು. ಪೋಲೆಂಡಿಗೆ ಬಾಕ್ಸಿಂಗಿನಲ್ಲಿ 32 ವರ್ಷಗಳ ನಂತರ ಬಂದ ಒಲಿಂಪಿಕ್ ಪದಕ, ತಂದವಳು ಹೆಣ್ಣು. ದಾರಿಯಲ್ಲಿ ಅವಳು ಸೋಲಿಸಿದವರಲ್ಲಿ ಆಸ್ಟ್ರೇಲಿಯಾದ ಟೀನಾ ರಹೀಮಿ ಒಬ್ಬಳು. ಟೀನಾ ಮೈತುಂಬ ಬಟ್ಟೆ, ತಲೆಗೆ ಹಿಜಾಬು ತೊಟ್ಟು ಆಡುವ ಮುಸ್ಲಿಂ ಹುಡುಗಿ. ಒಬ್ಬಳು ಚಡ್ಡಿಯಲ್ಲಿ, ಒಬ್ಬಳು ಹಿಜಾಬಿನಲ್ಲಿ. ಮೂರು ಸುತ್ತು ಹೊಡೆದಾಡಿದರು, ಚೆನ್ನಾಗಿ ಹೊಡೆದವಳು ಗೆದ್ದಳು. ಬಟ್ಟೆಗೆ ಅಂಕ ಕೊಡಲು ಅಲ್ಲಿ ಯಾರೂ ಕೂತಿರಲಿಲ್ಲ. ಮರುವರ್ಷ, 2025ರಲ್ಲಿ, ಲಿವರ್‌ಪೂಲಿನಲ್ಲಿ ಇದೇ ಶೆರೆಮೆತಾಳನ್ನು ಫೈನಲಿನಲ್ಲಿ ಸೋಲಿಸಿ ವಿಶ್ವಪದವಿ ಪಡೆದವಳು ಹರಿಯಾಣದ ಭಿವಾನಿಯ ಜಾಸ್ಮಿನ್ ಲಂಬೋರಿಯಾ.

ಹರಿಯಾಣ, ಮಣಿಪುರ, ತೆಲಂಗಾಣ. 2006ರಲ್ಲಿ ಕೇರಳದ ಕೆ.ಸಿ. ಲೇಖಾ ಕೂಡ ವಿಶ್ವಪದವಿ ಗೆದ್ದವರು. ಈ ಪಟ್ಟಿಯಲ್ಲಿ ಕನ್ನಡದ ಹೆಸರು ಯಾಕಿಲ್ಲ? ನಮ್ಮ ಜಿಲ್ಲೆಯವರಂತೂ ಈ ಪ್ರಶ್ನೆಯನ್ನು ಎದೆ ಮುಟ್ಟಿಕೊಂಡು ಕೇಳಿಕೊಳ್ಳಬೇಕು. ಒನಕೆ ಓಬವ್ವನ ಜಿಲ್ಲೆ ಇದು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರು. 2021ರಿಂದ ನವೆಂಬರ್ 11ರಂದು ಸರಕಾರವೇ ಅವಳ ಜಯಂತಿ ಮಾಡುತ್ತದೆ. ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರನ್ನು ಓಬವ್ವನಾಗಿ ನೋಡಿ ಟೆಂಟಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾವೂ ಇದ್ದೆವು. ಕಿಂಡಿಯಲ್ಲಿ ಅವಳ ಒನಕೆಗೆ ಬಿದ್ದವರು ಹೈದರಾಲಿಯ ಸೈನಿಕರಾದ್ದರಿಂದ ಈ ಕತೆಯನ್ನು ನಮ್ಮ ಮುಂದೆ ಹೇಳುವಾಗ ಕೆಲವರು ನಮ್ಮ ಮುಖವನ್ನೇ ದಿಟ್ಟಿಸುತ್ತಾರೆ. ಅವರಿಗೆ ತಿಳಿದಿರಲಿ, ನಾವು ಓಬವ್ವನ ಪಕ್ಷ. ಕಾವಲುಗಾರನ ಹೆಂಡತಿ, ಗಂಡ ಉಣ್ಣುವ ಹೊತ್ತಿಗೆ ಊರು ಕಾದವಳು. ಅವಳ ಕೈಯಲ್ಲೂ ಬಳೆ ಇತ್ತಲ್ಲ! ಅದನ್ನು ಒಡೆದುಕೊಂಡು ಹೋಗಿ ಒನಕೆ ಹಿಡಿದಳೆಂದು ಯಾವ ಲಾವಣಿಕಾರನೂ ಹಾಡಿಲ್ಲ. ಆದರೂ ಬೈಗುಳ ಹಾಗೇ ಉಳಿದಿದೆ. ಕಲ್ಲಿನ ಓಬವ್ವನಿಗೆ ಹಾರ ಹಾಕಿ, ಸಂಜೆ ಐದರ ಮೇಲೆ ಮೈದಾನದಲ್ಲಿ ಹುಡುಗಿ ಕಂಡರೆ ‘ಯಾರ ಮನೆಯವಳು’ ಎಂದು ವಿಚಾರಿಸುವ ಜನ ನಾವು, ಹಿಂದೂ ಮುಸ್ಲಿಂ ಭೇದವಿಲ್ಲದೆ.

ಹಮೀದಾ ಬಾನು ಎಂಬ ಹೆಸರನ್ನು ಪಡಸಾಲೆಯ ಹಿರಿಯರು ಕೇಳಿಯೇ ಇರಲಿಲ್ಲ. ನಾವೂ ಕೇಳಿದ್ದು ತಡವಾಗಿಯೇ. ಉತ್ತರಪ್ರದೇಶದ ಈ ಪೈಲ್ವಾನಳು 1954ರಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನ್ ಎಂಬ ಗಂಡಸನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದಳು. ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದು ಸವಾಲು ಹಾಕಿದ್ದಳು. ‘ಕೋನ್ ಕರ್ಲೇತೆ’ ಎಂಬ ಪ್ರಶ್ನೆಯನ್ನು ತಿರುಗಿಸಿ ಹೊಡೆದ ರೀತಿ ಅದು. ಕೊಲ್ಹಾಪುರದಲ್ಲಿ ಗಂಡಸನ್ನು ಕೆಡವಿದ್ದಕ್ಕೆ ಜನ ಕಲ್ಲು ತೂರಿದರು. ಯುರೋಪಿಗೆ ಹೋಗಿ ಕುಸ್ತಿ ಆಡುವೆನೆಂದಾಗ ತರಬೇತುದಾರನೇ ಅವಳ ಕೈಕಾಲು ಮುರಿದನೆಂದು ಮನೆಯವರು ಮುಂದೆ ಹೇಳಿದ್ದಾರೆ. ಕಡೆಗಾಲದಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ಹಾಲು ಮಾರಿ ಬದುಕಿದಳಂತೆ. ಗೆದ್ದವಳ ಗತಿ ಹೀಗಾದರೆ ಹೆಣ್ಣುಮಕ್ಕಳನ್ನು ಕಳಿಸುವುದು ಹೇಗೆ ಎಂದು ಭಾವ ಕೇಳಬಹುದು. ಮುರಿದದ್ದು ಕುಸ್ತಿಯಲ್ಲ ಭಾವ, ಮನೆ.

ನಮ್ಮ ಮೇಲೂ ಒಂದು ದೂರು ಇದೆ, ಅದನ್ನೂ ಹೇಳಿಬಿಡುತ್ತೇವೆ. ಇಪ್ಪತ್ತು ವರ್ಷಗಳಿಂದ ಕತೆ ಬರೆಯುತ್ತಿದ್ದೇವೆ. ನಮ್ಮ ಕತೆಗಳಲ್ಲಿ ಹೆಣ್ಣುಮಕ್ಕಳು ತಲಾಖ್ ಪಡೆಯುತ್ತಾರೆ, ಬೀಡಿ ಕಟ್ಟುತ್ತಾರೆ, ಪರದೆಯ ಹಿಂದೆ ಬಿಕ್ಕುತ್ತಾರೆ, ಒಬ್ಬಳು ಬಾವಿಗೂ ಬಿದ್ದಿದ್ದಾಳೆ. ವಿಮರ್ಶಕರು ಮೆಚ್ಚಿದ್ದಾರೆ, ಸಮುದಾಯದೊಳಗಿನ ದನಿ ಎಂದಿದ್ದಾರೆ. ಒಬ್ಬಳೂ ತಿರುಗಿ ಗುದ್ದಿಲ್ಲ. ಅಳುವ ಹೆಣ್ಣನ್ನು ಬರೆಯುವುದು ಸುಲಭ, ಓದುವವರಿಗೂ ಹಿತ. ಅಕ್ಕನ ಮಗಳು ನಮ್ಮ ಕತೆಯೊಂದನ್ನು ಓದಿ, ‘ಮಾಮು, ಇವಳು ಯಾಕೆ ಸುಮ್ನಿದ್ಲು?’ ಎಂದು ಕೇಳಿದಾಗ ನಾವು ‘ಅದು ವಾಸ್ತವ’ ಎಂದು ದೊಡ್ಡ ಮಾತಾಡಿದ್ದೆವು. ಆ ರಾತ್ರಿ ಪಡಸಾಲೆಯಿಂದ ಎದ್ದು ಊಟಕ್ಕೆ ಹೋದದ್ದೂ ವಾಸ್ತವವೇ.

ಹೋದ ತಿಂಗಳು ಚಳ್ಳಕೆರೆಗೆ ಹೋದೆವು. ಭಾವ ಇನ್ನೂ ಒಪ್ಪಿಲ್ಲ, ಆದರೆ ಬೇಡವೆನ್ನುವುದನ್ನು ನಿಲ್ಲಿಸಿದ್ದಾನೆ. ಹಿತ್ತಲಿನ ಬೇವಿನ ಕೊಂಬೆಗೆ ಗೋಣಿಚೀಲವೊಂದು ನೇತಾಡುತ್ತಿತ್ತು. ಒಳಗೆ ಶೇಂಗಾ ಹೊಟ್ಟು, ಮಧ್ಯೆ ಮರಳಿನ ಚೀಲ. ಕಟ್ಟಿದವರು ಯಾರೆಂದು ಕೇಳಿದರೆ ಅಕ್ಕ ನಗುತ್ತಾ ಒಳಗೆ ಹೋದಳು. ಹುಡುಗಿ ಕೈಗೆ ಹಳೆಯ ದುಪಟ್ಟಾದ ಚೂರು ಸುತ್ತಿಕೊಳ್ಳುವ ಮೊದಲು ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿದಳು.

‘ಮಾಮು, ಸ್ವಲ್ಪ ಹಿಡ್ಕೊಳ್ಳಿ. ಒಡೀಬೇಡಿ ಮತ್ತೆ, ಈದಿಗೆ ತಗೊಂಡಿದ್ದು.’

ಎರಡೂ ಕೈಯಲ್ಲಿ ಹಸಿರು ಬಳೆ ಹಿಡಿದು ನಾವು ನಿಂತೆವು. ಅವಳು ಎಡಗಾಲು ಮುಂದಿಟ್ಟು, ಗದ್ದ ಒಳಗೆಳೆದುಕೊಂಡು ಹೊಡೆಯತೊಡಗಿದಳು. ಪ್ರತಿ ಗುದ್ದಿಗೂ ಗೋಣಿಯಿಂದ ಶೇಂಗಾ ಹೊಟ್ಟಿನ ದೂಳು ಎದ್ದು ಬರುತ್ತಿತ್ತು.